ನೆಲ್‌ಳ ಮುಂಗಾಲಿನಲ್ಲಿದ್ದ ಹೆಸರು

ಬ್ರಿನ್ ಹೆಲಿಗ್, ವೇಲ್ಸ್
ಆಗಸ್ಟ್ 3

ಗಿಲ್ಬರ್ಟ್ ಐಸ್ಬಿಸ್ಟರ್ ಅವರಿಗೆ,

ನಾನು ಎಲುನೆಡ್ ಪಾರಿ, ಬ್ರಿನ್ ಹೆಲಿಗ್‌ನ ಯಜಮಾನಿ. ಈ ಬೆಟ್ಟದ ಕುರಿ, ನಾಯಿ, ಗೇಟು, ಗೋಡೆ, ನನ್ನ ಮಗ ಇಡ್ವಲ್, ಅವನ ಹೆಂಡತಿ, ಎಲ್ಲವೂ ನನ್ನ ಮಾತಿನಂತೆ ನಡೆಯುತ್ತವೆ. ಗಂಡ ಹೋದ ಮೇಲೂ ಈ ಮನೆಯ ಹೆಸರಿನಲ್ಲಿ ಒಂದು ಕುರಿಮರಿಯ ವಿಷಯಕ್ಕೂ ಯಾರೂ ಬೆರಳು ತೋರಿಸಿಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ಬರೆಯುವುದು ನಿಮಗೆ ವಿಚಿತ್ರವಾಗಿ ಕಾಣಬಹುದು.

ಆರು ವರ್ಷದ ಹಿಂದೆ ನಿಮ್ಮ ಗಂಡುನಾಯಿ ರೋನ್‌ನನ್ನು ನನ್ನ ಫ್ಲೈ ಜೊತೆ ಕೂಡಿಸಿದ್ದೆವು. ಕುರಿನಾಯಿ ಸಾಕುವವರ ಪದ್ಧತಿಯಂತೆ ಅದಕ್ಕೆ ಪ್ರತಿಯಾಗಿ ಮರಿಗಳಲ್ಲಿ ಮೊದಲ ಆಯ್ಕೆ ನಿಮ್ಮದಾಗಿತ್ತು. ನೀವು ಬಂದು ಒಂದು ಹೆಣ್ಣುಮರಿಯನ್ನು ಆರಿಸಿದಿರಿ. ಅದು ತಾಯಿಹಾಲು ಬಿಟ್ಟ ಮೇಲೆ ನಿಮ್ಮ ದ್ವೀಪಕ್ಕೆ ಕಳಿಸಿಕೊಟ್ಟೆವು. ಅದರ ಒಡಹುಟ್ಟು ನೆಲ್ ನನ್ನಲ್ಲಿ ಉಳಿದಳು.

ಈಗ ಕೇಳಿ. ನೆಲ್ ವೇಲ್ಸ್ ತಂಡಕ್ಕೆ ಆಯ್ಕೆಯಾಗಿದ್ದಾಳೆ! ನಾಲ್ಕು ದೇಶಗಳ ಕುರಿನಾಯಿ ಪಂದ್ಯ ಈ ಸಲ ಐರ್ಲೆಂಡಿನಲ್ಲಿ. ಅವಳನ್ನು ಓಡಿಸುವವಳು ನಾನೇ, ಎಪ್ಪತ್ತೊಂದರ ವಯಸ್ಸಿನಲ್ಲಿ. ನನ್ನ ಮಾವನ ನಂತರ ಬ್ರಿನ್ ಹೆಲಿಗ್‌ನಿಂದ ಯಾರೂ ಆ ಮೈದಾನದಲ್ಲಿ ನಿಂತಿಲ್ಲ. ಪತ್ರ ಬರೆಯುವಾಗಲೂ ಕಾಲು ಒಂದೆಡೆ ನಿಲ್ಲುತ್ತಿಲ್ಲ ನೋಡಿ.

ನಾಯಿ ಸಮುದ್ರ ದಾಟಬೇಕಾದರೆ ಅದರ ಚರ್ಮದಡಿ ಹಾಕಿದ ಗುರುತಿನ ಚಿಪ್ಪನ್ನು ಯಂತ್ರದಿಂದ ಓದಿ ಪ್ರಮಾಣಪತ್ರ ಬರೆಯಬೇಕು. ಪಶುವೈದ್ಯೆ ಮಿಸ್ ಹೌವೆಲ್ಸ್ ನಿನ್ನೆ ಬಂದು ನೆಲ್‌ಳ ಹೆಗಲ ಮೇಲೆ ಸ್ಕ್ಯಾನರ್ ಹಿಡಿದಳು. ಯಂತ್ರ ಕಿಮಕ್ಕೆನ್ನಲಿಲ್ಲ.

"ಮಿಸೆಸ್ ಪಾರಿ, ಇವಳಿಗೆ ಚಿಪ್ಪೇ ಇಲ್ವಲ್ಲ!"

"ಇದೆ. ಮರಿಯಿದ್ದಾಗಲೇ ಹಾಕಿಸಿದ್ದೀನಿ. ಹುಡುಕು."

ಬೆನ್ನು, ಪಕ್ಕೆ, ಎದೆ ಎಲ್ಲ ಸವರಿದಳು. ಕೊನೆಗೆ ಎಡ ಮುಂಗಾಲಿನ ಬಳಿ ಪೀಪ್ ಎಂದಿತು. ಅಕ್ಕಿಕಾಳಿನಷ್ಟಿರುವ ಆ ಚಿಪ್ಪು ಹೆಗಲಿನಿಂದ ಚರ್ಮದಡಿಯಲ್ಲೇ ಜಾರಿಕೊಂಡು ಅಲ್ಲಿಗೆ ಇಳಿದಿತ್ತಂತೆ. ಕೆಲವು ನಾಯಿಗಳಲ್ಲಿ ಹಾಗಾಗುತ್ತದಂತೆ. ನಾವು ನಗುತ್ತಿರುವಾಗಲೇ ಅವಳು ಆ ನಂಬರನ್ನು ಒತ್ತಿ, ಮುಖ ಸಣ್ಣದು ಮಾಡಿಕೊಂಡು, "ಇವಳು ನಿಮ್ಮ ನಾಯಿ ಅಲ್ಲ. ಶೆಟ್ಲೆಂಡಿನ ಗಿಲ್ಬರ್ಟ್ ಐಸ್ಬಿಸ್ಟರ್ ಅವರ ನಾಯಿ" ಎಂದಳು.

ಚಿಪ್ ಹಾಕಲು ಬಂದವನು ನಂಬರುಗಳನ್ನು ಅದಲುಬದಲು ಮಾಡಿರಬೇಕು. ಈ ಮನೆಯಲ್ಲಿ ತಪ್ಪಾಗಿರಲು ಸಾಧ್ಯವಿಲ್ಲ. ನೀವು ಕೂಡಲೇ ನೋಂದಣಿ ಕಚೇರಿಗೆ ತಿಳಿಸಿ ನೆಲ್ ಮೇಲಿನ ನಿಮ್ಮ ಹೆಸರನ್ನು ತೆಗೆಸಬೇಕು. ಸೆಪ್ಟೆಂಬರ್ ಐದಕ್ಕೆ ನಮ್ಮ ಹಡಗು. ನಿಮ್ಮ ಸಹಿಯಿಲ್ಲದೆ ನೆಲ್ ಅದನ್ನು ಹತ್ತುವಂತಿಲ್ಲ.

ಫೋನ್ ಮಾಡಬೇಡಿ. ಫೋನಿನಲ್ಲಿ ಆಡಿದ ಮಾತಿಗೆ ಸಹಿ ಇರುವುದಿಲ್ಲ.

ಎಲುನೆಡ್ ಪಾರಿ


ನಾರ್ತ್‌ಹೂಸ್, ಶೆಟ್ಲೆಂಡ್
ಆಗಸ್ಟ್ 9

ಪಾರಿ ಅವರೇ,

ನಿಮ್ಮ ಪತ್ರ ಬಂತು. ಅರ್ಧ ಓದಿ ನಾನು ಕೂಗಿದ ಕೂಗಿಗೆ ಓಸ್ಲಾ, ನನ್ನ ಹೆಂಡತಿ, ರೊಟ್ಟಿಯ ಕಾವಲಿ ಬಿಟ್ಟು ಓಡಿಬಂದಳು. ವೇಲ್ಸ್ ತಂಡ! ನಮ್ಮ ರೋನ್‌ನ ಮಗಳು! ಪಕ್ಕದ ಮನೆಯವರಿಗೆ, ಅಂಚೆಯವನಿಗೆ, ಕೊನೆಗೆ ದೋಣಿಗೆ ಬಣ್ಣ ಬಳಿಯುತ್ತಿದ್ದ ಅಪರಿಚಿತನಿಗೂ ಹೇಳಿ ಬಂದೆ. ರೋನ್ ಹೋಗಿ ಎರಡು ವರ್ಷವಾಯಿತು. ಅವನ ಗೋರಿಯ ಹತ್ತಿರವೂ ಹೋಗಿ ಹೇಳಿದೆ. ಓಸ್ಲಾಗೆ ಇದು ಗೊತ್ತಿಲ್ಲ.

ನಿಮ್ಮ ಪತ್ರ ಓದಿದ ಮೇಲೆ ನೀವು ಕಳಿಸಿದ ನಮ್ಮ ಸ್ಕೆರಿಯನ್ನೂ ಪೇಟೆಗೆ ಕರೆದುಕೊಂಡು ಹೋಗಿ ಯಂತ್ರ ಹಿಡಿಸಿದೆ. ನಮ್ಮಲ್ಲಿ ಸಮುದ್ರದಲ್ಲಿ ತಲೆಯೆತ್ತಿ ಕೂತಿರುವ ಬಂಡೆಗೆ ಸ್ಕೆರಿ ಎನ್ನುತ್ತಾರೆ. ಇವಳೂ ಆ ಬಂಡೆ ಕೇಳುವಷ್ಟೇ ಮಾತು ಕೇಳುತ್ತಾಳೆ. ಇವಳ ಚಿಪ್ಪು ಇರಬೇಕಾದ ಕಡೆಯೇ ಇತ್ತು. ಪರದೆ ಮೇಲೆ ಬಂದ ಹೆಸರು ಯಾರದು ಹೇಳಿ? ಎಲುನೆಡ್ ಪಾರಿ, ಬ್ರಿನ್ ಹೆಲಿಗ್!

"ಗಿಬ್ಬಿ, ಆರು ವರ್ಷದಿಂದ ಯಾರದೋ ನಾಯಿಗೆ ಊಟ ಹಾಕ್ತಿದ್ದೀಯಲ್ಲೋ" ಎಂದು ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಒಂದು ಪ್ರಶ್ನೆ ಕೇಳಬಹುದೇ? ನೆಲ್‌ಳ ನಾಲಿಗೆಯ ತುದಿಯಲ್ಲಿ ಕಪ್ಪು ಮಚ್ಚೆ ಇದೆಯೇ? ಹುರುಳಿಕಾಳಿನಷ್ಟು. ಸುಮ್ಮನೆ ಕೇಳಿದೆ.

ಸ್ಕೆರಿ ವಿಷಯ ನೀವೇನೂ ಬರೆದಿಲ್ಲ. ಬರೆಯಲೇಬೇಕೆಂದಿಲ್ಲ.

ಪಂದ್ಯದ ಕೊನೆಗೆ ಕುರಿಗಳನ್ನು ಒಳಗೆ ಕೂಡುವ ದೊಡ್ಡಿಯ ಬಾಗಿಲಲ್ಲಿ ಮಾತ್ರ ಆತುರ ಮಾಡಬೇಡಿ. ರೋನ್‌ಗೂ ನನಗೂ ಸೋಲಾಗುತ್ತಿದ್ದದ್ದು ಅಲ್ಲೇ. ಆತುರ ಅವನದಲ್ಲ, ನನ್ನದು.

ಗಿಬ್ಬಿ ಐಸ್ಬಿಸ್ಟರ್


ಬ್ರಿನ್ ಹೆಲಿಗ್
ಆಗಸ್ಟ್ 16

ಐಸ್ಬಿಸ್ಟರ್ ಅವರಿಗೆ,

ನಿಮ್ಮ ಪತ್ರದಲ್ಲಿ ರೋನ್‌ನ ಗೋರಿ ಇದೆ, ಅಂಚೆಯವನು ಇದ್ದಾನೆ, ದೊಡ್ಡಿಯ ಬಾಗಿಲಲ್ಲಿ ನಾನು ಹೇಗಿರಬೇಕೆಂಬ ಪಾಠವೂ ಇದೆ. ನಾನು ಕೇಳಿದ ಸಹಿಯ ಸುದ್ದಿಯೊಂದೇ ಇಲ್ಲ. ಅದರ ಬದಲು ನಾಲಿಗೆಯ ಮಚ್ಚೆ ಕೇಳಿದ್ದೀರಿ. ಏಕೆ ಕೇಳಿದ್ದೀರೆಂದು ಅರ್ಥವಾಗದಷ್ಟು ದಡ್ಡಿ ನಾನಲ್ಲ.

ಮಚ್ಚೆ ಇದೆ. ಹುರುಳಿಕಾಳಿನಷ್ಟೇ ಇದೆ.

ಪತ್ರವನ್ನು ಮಡಿಸಿಟ್ಟು ಇಡ್ವಲ್‌ನನ್ನು ಕರೆದೆ. ಅವನು ಟ್ರ್ಯಾಕ್ಟರಿನ ಕೆಳಗಿದ್ದ. ಮೂರು ಸಲ ಕರೆದ ಮೇಲೆ ಗ್ರೀಸ್ ಮೆತ್ತಿದ ಮುಖ ಹೊರಗೆ ಬಂತು.

"ಶೆಟ್ಲೆಂಡಿನವರು ಆರಿಸಿದ ಮರಿಗೆ ಗುರುತು ಹಾಕಿದ್ದು ಯಾರು?"

"ನಾನೇ. ಕತ್ತಿನ ಮೇಲೆ ಕೆಂಪು ಬಣ್ಣ."

"ಯಾವ ಬಣ್ಣ?"

"ಕುರಿಗೆ ಹಾಕೋದೇ ಅಮ್ಮ. ಇನ್ಯಾವ್ದು ಇರತ್ತೆ ನಮ್ಮನೇಲಿ?"

"ಆಮೇಲೆ?"

"ಆಮೇಲೆ ಚಿಪ್ ಹಾಕೋನು ಬಂದ. ಕೆಂಪು ಇರೋದು ಅವರದು, ಉಳಿದಿದ್ದೆಲ್ಲ ನಮ್ಮದು ಅಂದೆ. ಹಾಗೇ ಬರ್ಕೊಂಡ."

"ಮರಿ ಕಳಿಸಿದ ದಿನ?"

ಇಡ್ವಲ್ ಮುಖದ ಗ್ರೀಸನ್ನು ತೋಳಿಗೆ ಒರೆಸಿಕೊಂಡ.

"ಆ ದಿನ ಬಣ್ಣ ಮಾಸಿತ್ತು ಅಮ್ಮ. ಒಂದರ ಕತ್ತಲ್ಲಿ ಸ್ವಲ್ಪ ಕೆಂಪು ಕಾಣಿಸ್ತು. ಅದೇ ಇರ್ಬೇಕು ಅಂತ ಅದರ ಮೇಲೇ ಇನ್ನೊಂದ್ಸಲ ಬಳಿದು ಬುಟ್ಟೀಲಿ ಹಾಕ್ದೆ. ಲಾರಿ ಬೇರೆ ಹಾರ್ನ್ ಹೊಡೀತಿತ್ತು."

ಕುರಿಯ ಉಣ್ಣೆಗೆ ಹಿಡಿದ ಬಣ್ಣ ಚಳಿಗಾಲ ಮುಗಿಯುವವರೆಗೂ ಇರುತ್ತದೆ. ನಾಯಿಮರಿಯ ಕತ್ತನ್ನು ತಾಯಿ ದಿನವೂ ನೆಕ್ಕುತ್ತಾಳೆ. ರಾತ್ರಿ ಮರಿಗಳು ಒಂದರ ಮೇಲೊಂದು ಗುಡ್ಡೆಯಾಗಿ ಮಲಗುತ್ತವೆ. ಒಬ್ಬಳ ಕೆಂಪು ಇನ್ನೊಬ್ಬಳಿಗೆ ಅಂಟಿಕೊಂಡಿದೆ. ನಲವತ್ತು ವರ್ಷ ದಾಟಿದ ನನ್ನ ಮಗನಿಗೆ ಇದು ಹೊಳೆದಿಲ್ಲ. ಚಿಪ್ಪು ಸರಿಯಾಗಿದೆ, ತಪ್ಪಿದ್ದು ನಮ್ಮ ಬಣ್ಣ. ಚಿಪ್ ಹಾಕಿದವನ ಬಗ್ಗೆ ನಾನು ಬರೆದದ್ದನ್ನು ಹಿಂದೆಗೆದುಕೊಂಡಿದ್ದೇನೆ. ಅದಾದ ಮೇಲೆ ಇಷ್ಟು ವರ್ಷ ಯಾರೂ ಆ ಯಂತ್ರವನ್ನು ನಮ್ಮ ನಾಯಿಗಳ ಮೇಲೆ ಹಿಡಿದಿರಲಿಲ್ಲ. ಬೆಟ್ಟದ ನಾಯಿಗಳು ಕಳೆದುಹೋಗುವುದಿಲ್ಲವಲ್ಲ.

ಇನ್ನು ನನ್ನ ಮಾತು. ಆರಿಸಿದ ಮರಿ ಆರಿಸಿದವರದು. ನಿಮಗೆ ಎರಡನೆಯ ಮರಿ ಕಳಿಸಿ, ನೀವು ಆರಿಸಿದವಳನ್ನು ಬ್ರಿನ್ ಹೆಲಿಗ್‌ನ ಹೆಸರಿನಲ್ಲಿ ಓಡಿಸಿ, ಚಪ್ಪಾಳೆ ತಟ್ಟಿಸಿಕೊಳ್ಳಲು ನನ್ನಿಂದಾಗದು. ನಿಮಗೆ ನೆಲ್ ಬೇಕಾದರೆ ಬೇಕೆಂದು ಬರೆಯಿರಿ. ಆಗ ಇಬ್ಬರೂ ತಮ್ಮ ತಮ್ಮ ಚಿಪ್ಪಿನಲ್ಲಿರುವ ಮನೆಗೆ ಹೋಗಲಿ.

ಇದನ್ನು ಬರೆಯುತ್ತಿರುವಾಗ ಅವಳು ನನ್ನ ಕಾಲ ಮೇಲೆ ತಲೆಯಿಟ್ಟು ಮಲಗಿದ್ದಾಳೆ. ಅದಕ್ಕೂ ಈ ವಿಷಯಕ್ಕೂ ಸಂಬಂಧವಿಲ್ಲ.

ಎಲುನೆಡ್ ಪಾರಿ


ನಾರ್ತ್‌ಹೂಸ್
ಆಗಸ್ಟ್ 21

ಪಾರಿ ಅವರೇ,

"ತಮ್ಮ ತಮ್ಮ ಚಿಪ್ಪಿನಲ್ಲಿರುವ ಮನೆಗೆ" ಎಂದು ಬರೆದಿದ್ದೀರಿ. ಆ ಸಾಲನ್ನು ಓಸ್ಲಾಗೆ ಓದಿ ಹೇಳಿದ್ದು ನನ್ನ ಜೀವನದ ದೊಡ್ಡ ತಪ್ಪು. ಕೈಯಲ್ಲಿ ಸಾರಿನ ಸೌಟು ಹಿಡಿದುಕೊಂಡೇ ಎದುರಿಗೆ ಬಂದಳು.

"ಆ ವೇಲ್ಸಿನ ಹೆಂಗಸು ಸ್ಕೆರೀನ ಕೇಳ್ತಿದ್ದಾಳಾ?"

"ಕೇಳ್ತಿಲ್ಲ ಕಣೇ. ಆದ್ರೆ ಕಾಗದದ ಪ್ರಕಾರ ಸ್ಕೆರಿ ಅವರದೇ."

"ಕಾಗದ ಒಲೇಗೆ ಹಾಕು. ಸ್ಕೆರಿ ಹಡಗು ಹತ್ತಿದ್ರೆ ನಿನ್ನನ್ನೂ ಜೊತೇಲೇ ಕಟ್ಟಿ ಕಳಿಸ್ತೀನಿ. ಇಬ್ಬರಲ್ಲಿ ಅವಳನ್ನ ಮಾತ್ರ ವಾಪಸ್ ಕರೆಸ್ಕೋತೀನಿ."

ಅದಕ್ಕೇ ಇದ್ದದ್ದನ್ನು ಇದ್ದಹಾಗೆ ಬರೆಯುತ್ತಿದ್ದೇನೆ. ನಾನು ಆರಿಸಿದ ಮರಿಯ ನಾಲಿಗೆಯಲ್ಲಿ ಮಚ್ಚೆ ಇತ್ತು. ಬಂದರಿನಲ್ಲಿ ಬುಟ್ಟಿಯ ಮುಚ್ಚಳ ತೆಗೆದಾಗ ಒಳಗಿದ್ದವಳು ನನ್ನನ್ನು ನೋಡಿ ಬಾಯಿ ತೆರೆದು ಆಕಳಿಸಿದಳು. ನಾಲಿಗೆ ಪೂರಾ ಗುಲಾಬಿ. ಇವಳು ಅವಳಲ್ಲ ಎಂದು ಆ ಕ್ಷಣವೇ ಗೊತ್ತಾಯಿತು. ವಾಪಸ್ ಕಳಿಸೋಣವೆಂದು ಮುಚ್ಚಳ ಹಾಕಲು ಹೋದೆ. ಅಷ್ಟರಲ್ಲಿ ಅವಳು ಹೊರಗೆ ಬಂದು, ನನ್ನ ಬೂಟಿನ ಮೇಲೆ ವಾಂತಿ ಮಾಡಿ, ಅದನ್ನು ಅಲ್ಲೇ ಬಿಟ್ಟು, ಬಂದರಿನಲ್ಲಿದ್ದ ಯಾರದೋ ಬಾತುಕೋಳಿಗಳನ್ನೆಲ್ಲ ಅಟ್ಟಿಕೊಂಡು ಬಂದು ನನ್ನ ಮುಂದೆ ನಿಲ್ಲಿಸಿದಳು. ಅಂಗೈಯಷ್ಟಿದ್ದ ಮರಿ! ಬಂದರಿನವರೆಲ್ಲ ಸಿಳ್ಳೆ ಹೊಡೆದರು. ನಾನು ಇವಳನ್ನು ಎತ್ತಿ ಕೋಟಿನೊಳಗೆ ಹಾಕಿಕೊಂಡು ಮನೆಗೆ ಬಂದೆ.

ನಿಮಗೆ ಬರೆದಿದ್ದರೆ ನೀವು ಬದಲಾಯಿಸಿ ಕಳಿಸುತ್ತಿದ್ದಿರಿ. ಅದಕ್ಕೇ ಬರೆಯಲಿಲ್ಲ.

ಅವಳು ಮಾಡಿದ ಒಳ್ಳೆಯ ಕುರಿನಾಯಿ ಕೆಲಸ ಅದೇ ಮೊದಲು, ಅದೇ ಕೊನೆ. ಗುಡುಗಿದರೆ ಮಂಚದ ಕೆಳಗೆ ಹೋಗುತ್ತಾಳೆ. ಗಾಳಿ ಎದುರಿದ್ದರೆ ಕೆಲಸವಿಲ್ಲ ಎನ್ನುತ್ತಾಳೆ. ಆದರೂ ನಾನೀಗ ಮತ್ತೆ ಆರಿಸುವುದಾದರೆ ಇವಳನ್ನೇ ಆರಿಸುತ್ತೇನೆ. ನನ್ನ ಮೊದಲ ಆಯ್ಕೆ ಸ್ಕೆರಿ ಎಂದೇ ತಿಳಿಯಿರಿ. ದಯವಿಟ್ಟು ಇವಳನ್ನು ನನ್ನ ಹೆಸರಿಗೆ ಮಾಡಿಕೊಡಿ. ನಾನು ಕೇಳುವುದು ಇದೊಂದೇ.

ಗಿಬ್ಬಿ

ಎರಡು ದಿನದಿಂದ ದಟ್ಟ ಮಂಜು. ವಿಮಾನ ಇಳಿಯುತ್ತಿಲ್ಲ. ಅಂಚೆಚೀಲಗಳೆಲ್ಲ ಇಲ್ಲೇ ಕೂತಿವೆ. ಇದು ನಿಮಗೆ ಯಾವಾಗ ಸೇರುತ್ತದೋ ತಿಳಿಯದು.


ಬ್ರಿನ್ ಹೆಲಿಗ್
ಆಗಸ್ಟ್ 28

ಐಸ್ಬಿಸ್ಟರ್ ಅವರಿಗೆ,

ಇವತ್ತು ಬೆಳಿಗ್ಗೆಯವರೆಗೂ ನಿಮ್ಮಿಂದ ಒಂದಕ್ಷರ ಬಂದಿರಲಿಲ್ಲ. ಉತ್ತರ ಕೊಡದಿರುವುದೇ ನಿಮ್ಮ ಉತ್ತರ ಎಂದುಕೊಂಡೆ. ನಿನ್ನೆ ತಂಡದ ನಾಯಕ ಹೆಡ್ಡಿನ್ ಮನೆಗೆ ಬಂದಾಗ ಹೇಳಿಯೂ ಬಿಟ್ಟೆ.

"ನನ್ನ ಹೆಸರು ತೆಗೀರಿ. ನಾಯಿ ನನ್ನದಲ್ಲ."

"ಮಿಸೆಸ್ ಪಾರಿ, ತಮಾಷೆ ಮಾಡ್ಬೇಡಿ!"

"ನಾನು ತಮಾಷೆ ಮಾಡಿದ್ದನ್ನ ಯಾವತ್ತಾದ್ರೂ ನೋಡಿದೀರಾ?"

ಪಾಪ, ಚಹಾ ಕುಡಿಯುವುದನ್ನೂ ಮರೆತು ಹೋದ. ಅವನು ಗೇಟು ದಾಟಿದ ಮೇಲೆ ನಾನು ನೆಲ್‌ಳನ್ನು ಮೇಲಿನ ಹೊಲಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಕೆಲಸವೇನೂ ಇರಲಿಲ್ಲ.

ಇವತ್ತು ಬೆಳಿಗ್ಗೆ ಮಿಸ್ ಹೌವೆಲ್ಸ್ ಓಡೋಡಿ ಬಂದಳು. "ಅವರು ಯಾವತ್ತೋ ಬಿಟ್ಟುಕೊಟ್ಟಿದ್ದಾರೆ! ನೀವು ಒಪ್ಪಿಕೊಂಡ್ರೆ ಆಯ್ತು, ನೆಲ್ ನಿಮ್ಮವಳು. ಇಷ್ಟು ದಿನ ಯಾಕೆ ಸುಮ್ಮನಿದ್ರಿ?" ನೋಂದಣಿ ಕಚೇರಿಯವರು ನನ್ನ ಹಳೆಯ ಫೋನ್ ನಂಬರಿಗೆ ತಿಳಿಸುತ್ತಲೇ ಇದ್ದರಂತೆ. ಆ ಫೋನನ್ನು ತೆಗೆಸಿ ಮೂರು ವರ್ಷವಾಯಿತು. ಹೊಸ ನಂಬರು ಕೊಡಬೇಕೆಂದು ನನಗೆ ಯಾರು ಹೇಳಿದ್ದರು? ತಾರೀಖು ನೋಡಿದೆ. ನನ್ನ ಮೊದಲ ಪತ್ರಕ್ಕೆ ಉತ್ತರ ಬರೆದ ದಿನವೇ ನೀವು ಸಹಿ ಹಾಕಿದ್ದೀರಿ. ಹಾಕಿದ್ದೇನೆಂದು ಒಂದು ಸಾಲು ಬರೆದಿದ್ದರೆ ನಿಮ್ಮ ಶಾಯಿ ಖರ್ಚಾಗಿ ಹೋಗುತ್ತಿತ್ತೇ?

ಮಿಸ್ ಹೌವೆಲ್ಸ್ ಇಲ್ಲಿ ನಿಂತಿರುವಾಗಲೇ ಮಂಜು ದಾಟಿದ ನಿಮ್ಮ ಪತ್ರವೂ ಬಂತು. ಗುಲಾಬಿ ನಾಲಿಗೆಯ ಜಾಗ ಬಂದಾಗ ನಾನು ಕಿಟಕಿಯ ಕಡೆ ತಿರುಗಿ ನಿಂತು ಓದಿದೆ.

ಮೊದಲು ಸ್ಕೆರಿಯ ಮಾತು. ಅವಳನ್ನು ಇವತ್ತೇ ನಿಮ್ಮ ಹೆಸರಿಗೆ ಮಾಡಿಸಿದ್ದೇನೆ. ಸೌಟು ಕೆಳಗಿಡುವಂತೆ ಓಸ್ಲಾ ಅವರಿಗೆ ಹೇಳಿ. ಅವರು ಹೇಳಿದ ಮಾತು ನನಗೆ ಹಿಡಿಸಿತು.

ಆದರೆ ನೆಲ್‌ಳನ್ನು ನೀವು ದಾನ ಕೊಟ್ಟಂತೆ ತೆಗೆದುಕೊಳ್ಳಲಾರೆ. ನಿಮ್ಮ ಮೊದಲ ಆಯ್ಕೆ ಸ್ಕೆರಿ ಎಂದಿರಿ. ಅದು ನಿಮ್ಮ ದೊಡ್ಡತನ. ನನ್ನ ಮನೆಯ ಲೆಕ್ಕ ಅದರಿಂದ ಸರಿಹೋಗುವುದಿಲ್ಲ. ನೀವು ಆರಿಸಿದ್ದು ಇವಳನ್ನು. ಆದ್ದರಿಂದ ನಾನು ಇನ್ನೂ ಒಪ್ಪಿಗೆ ಹಾಕಿಲ್ಲ, ಪಂದ್ಯ ಮುಗಿಯುವವರೆಗೂ ಹಾಕುವುದಿಲ್ಲ. ಅಲ್ಲಿಯವರೆಗೆ ನೆಲ್ ನಿಮ್ಮ ನಾಯಿ. ಒಡೆಯರ ಅಪ್ಪಣೆಯ ಪತ್ರವಿದ್ದರೆ ಬೇರೆಯವರೂ ನಾಯಿಯನ್ನು ಹಡಗಿನಲ್ಲಿ ಒಯ್ಯಬಹುದಂತೆ, ಮಿಸ್ ಹೌವೆಲ್ಸ್ ವಿಚಾರಿಸಿದ್ದಾಳೆ. ಆ ಅಪ್ಪಣೆ ಕೊಡಿ, ಕೂಡಲೇ. ಈ ಸಲ ಬರೆದು, ಸಹಿ ಹಾಕಿ, ಸಹಿ ಹಾಕಿದ್ದೇನೆಂದು ತಿಳಿಸಿ.

ಹೆಡ್ಡಿನ್‌ಗೆ ಹೇಳಿ ಕಳಿಸಿದ್ದೇನೆ. ನನ್ನ ಹೆಸರು ಇರಲಿ ಎಂದು.

ಎಲುನೆಡ್ ಪಾರಿ


ನಾರ್ತ್‌ಹೂಸ್
ಆಗಸ್ಟ್ 31

ಎಲುನೆಡ್ ಅವರೇ,

ಅಪ್ಪಣೆ ಇದರ ಜೊತೆಗಿದೆ. ಸಹಿ ಹಾಕಿದ್ದೇನೆ. ಹಾಕಿದ್ದೇನೆಂದು ತಿಳಿಸುತ್ತಿದ್ದೇನೆ. ಓಸ್ಲಾ ಸಾಕ್ಷಿ.

ನಿಮ್ಮ ಪತ್ರ ಬಂದಾಗಿನಿಂದ ಮನೆಯಲ್ಲಿ ಹಬ್ಬ. ಸ್ಕೆರಿಗೆ ಒಣಮಾಂಸದ ಸಾರು, ನನಗೆ ಅದರಲ್ಲಿ ಉಳಿದದ್ದು. ಊರಿನವರೆಲ್ಲ ಇಲ್ಲೇ ಕೂತು ಪಂದ್ಯ ನೋಡುತ್ತಾರಂತೆ. ಈಗಲೇ ಜಗಳ ಶುರುವಾಗಿದೆ. ನಾವು ಕೂಗಬೇಕಾದದ್ದು ನಮ್ಮ ಸ್ಕಾಟ್ಲೆಂಡಿಗೋ ವೇಲ್ಸಿಗೋ? "ನಾಯಿ ನಮ್ಮದು, ಹೆಂಗಸು ಅವರ ಕಡೆಯವಳು. ಹಾಗಾಗಿ ನಾಯಿಗೆ ಕೂಗಿ, ಅವಳಿಗೆ ಚಪ್ಪಾಳೆ ತಟ್ಟಿ" ಎಂದು ಓಸ್ಲಾ ತೀರ್ಪು ಕೊಟ್ಟಿದ್ದಾಳೆ.

ದೊಡ್ಡಿಯ ಬಾಗಿಲಿನ ವಿಷಯ ಇನ್ನು ಎತ್ತುವುದಿಲ್ಲ. ಎತ್ತಿಬಿಟ್ಟೆ.

ಗಿಬ್ಬಿ


ಬ್ರಿನ್ ಹೆಲಿಗ್
ಸೆಪ್ಟೆಂಬರ್ 13

ಗಿಬ್ಬಿ ಅವರೇ,

ನೀವು ನೋಡಿರುತ್ತೀರಿ. ಆದರೂ ನಾನು ಹೇಳಬೇಕು. ಅಲ್ಲಿ ಕ್ಯಾಮೆರಾ ಇತ್ತು, ನನ್ನ ಎದೆಯೊಳಗೆ ಇರಲಿಲ್ಲ.

ನಮ್ಮ ಸರದಿ ಬಂದಾಗ ಧ್ವನಿವರ್ಧಕದಲ್ಲಿ ಕೂಗಿದರು: "ನೆಲ್. ಒಡೆಯರು ಗಿಲ್ಬರ್ಟ್ ಐಸ್ಬಿಸ್ಟರ್, ಶೆಟ್ಲೆಂಡ್. ಓಡಿಸುವವರು ಎಲುನೆಡ್ ಪಾರಿ, ವೇಲ್ಸ್." ಮೈದಾನ ಒಂದು ಕ್ಷಣ ಗುಜುಗುಜು ಎಂದಿತು. ಹೆಡ್ಡಿನ್ ಹಣೆ ಹಿಡಿದುಕೊಂಡು, "ಸ್ಕಾಟ್ಲೆಂಡಿನವರ ನಾಯಿ ಹಿಡ್ಕೊಂಡು ವೇಲ್ಸಿಗೆ ಓಡ್ತೀರಲ್ಲ ತಾಯಿ, ನನ್ನ ಮುಖ ಎಲ್ಲಿ ಇಟ್ಕೊಳ್ಳಲಿ?" ಎಂದ. "ಟೋಪಿ ಕೆಳಗೆ" ಎಂದು ಹೇಳಿ, ನಾಯಿ ಓಡಿಸುವವರು ನಿಲ್ಲುವ ಕಂಬದ ಹತ್ತಿರ ಹೋಗಿ ನಿಂತೆ.

ಮೊದಲ ಹಿಂಡನ್ನು ನೆಲ್ ರೇಷ್ಮೆಯ ಮೇಲೆ ಎಳೆದಹಾಗೆ ತಂದಳು. ಆಮೇಲೆ ಅದನ್ನು ಬಿಟ್ಟು, ಹಿಂದೆ ತಿರುಗಿ, ಕಣ್ಣಿಗೆ ಕಾಣದ ಎರಡನೆಯ ಹಿಂಡಿಗೆ ಹೋಗಬೇಕು. ಅಷ್ಟರಲ್ಲಿ ಗಾಳಿ ತಿರುಗಿತು. ನಾನು ಊದಿದ ಸೀಟಿ ನನ್ನ ಮುಖಕ್ಕೇ ವಾಪಸ್ ಬಂತು. ಇನ್ನೊಮ್ಮೆ ಊದಿದೆ. ಅವಳು ದಿಬ್ಬದ ಮೇಲೆ ನಿಂತು ನನ್ನ ಕಡೆ ನೋಡುತ್ತಿದ್ದಳು. ಕೇಳಿಸುತ್ತಿಲ್ಲವೆಂದು ನನಗೆ ಗೊತ್ತಾಯಿತು. ಸೀಟಿ ಬಿಟ್ಟು ಸುಮ್ಮನೆ ನಿಂತೆ. ಅವಳು ಒಂದು ಸಲ ಹಿಂದೆ ನೋಡಿದಳು, ಒಂದು ಸಲ ನನ್ನನ್ನು ನೋಡಿದಳು. ನೋಡಿ, ತಾನಾಗಿಯೇ ತಿರುಗಿ ಬೆಟ್ಟ ಹತ್ತಿದಳು! ಸಾವಿರಾರು ಜನ ಎದ್ದು ನಿಂತ ಸದ್ದು ನನ್ನ ಬೆನ್ನಿಗೆ ಬಡಿಯಿತು. ನಾನು ತಿರುಗಲಿಲ್ಲ. ಅವಳು ಎರಡನೆಯ ಹಿಂಡನ್ನು ತಂದು ಮೊದಲನೆಯದಕ್ಕೆ ಸೇರಿಸುವವರೆಗೂ ನಾನು ಸೀಟಿಯನ್ನು ಮತ್ತೆ ಬಾಯಿಗೆ ಹಚ್ಚಲಿಲ್ಲ.

ಆಮೇಲೆ ಎರಡು ಹಿಂಡೂ ಕಲೆತ ಗುಂಪಿನಿಂದ ಕುತ್ತಿಗೆಗೆ ಕೆಂಪು ಪಟ್ಟಿ ಕಟ್ಟಿದ ಐದು ಕುರಿಗಳನ್ನು ಮಾತ್ರ ಬೇರ್ಪಡಿಸಬೇಕು. ಅವಳು ಒಂದೂ ತಪ್ಪಲಿಲ್ಲ. ಕೆಂಪು ಯಾರ ಕತ್ತಿನಲ್ಲಿದೆ ಎಂದು ನೋಡುವುದು ಇಡ್ವಲ್‌ಗಿಂತ ಅವಳಿಗೆ ಚೆನ್ನಾಗಿ ಬರುತ್ತದೆ. ಇದನ್ನು ಅವನಿಗೂ ಹೇಳಿದೆ. ಅವನು ಅಳುತ್ತಾ ನಗುತ್ತಿದ್ದ, ಹಾಗಾಗಿ ಇನ್ನೇನೂ ಬೈಯಲಿಲ್ಲ.

ದೊಡ್ಡಿಯ ಬಾಗಿಲಲ್ಲಿ ಕೊನೆಯ ಕುರಿ ನೆಲಕ್ಕೆ ಕಾಲು ಒತ್ತಿ ನಿಂತುಬಿಟ್ಟಿತು. ಸಮಯ ಓಡುತ್ತಿತ್ತು. ನನ್ನ ಕೈ ಕೋಲಿನ ಕಡೆ ಹೋಯಿತು. ಆಗ ನಿಮ್ಮ ಪಾಠ ನೆನಪಾಯಿತು. ಇದನ್ನು ಬರೆಯಲು ನನಗೆ ಇಷ್ಟವಿಲ್ಲ. ಕೈ ಇಳಿಸಿದೆ. ನೆಲ್ ಹೊಟ್ಟೆ ನೆಲಕ್ಕೆ ಹಚ್ಚಿ ಕಾದಳು, ನಾನೂ ಕಾದೆ. ಕುರಿ ತಾನೇ ಒಳಗೆ ಹೋಯಿತು. ಬಾಗಿಲು ಹಾಕಿದೆ.

ಎರಡನೆಯ ಸ್ಥಾನ. ಗೆದ್ದವನು ಐರ್ಲೆಂಡಿನ ಒಬ್ಬ ಮುದುಕ, ಅವನದು ಒಳ್ಳೆಯ ನಾಯಿ. ಅವನಿಗಿಂತ ನಾವು ಒಂದೇ ಒಂದು ಅಂಕ ಕಡಿಮೆ. ಮುಂದಿನ ವರ್ಷ ಅವನನ್ನು ನೋಡಿಕೊಳ್ಳುತ್ತೇನೆ.

ಬಹುಮಾನ ಕೊಡುವಾಗಲೂ ನಿಮ್ಮ ಹೆಸರನ್ನು ಕೂಗಿದರು. ನೀವು ಆರಿಸಿದ ಮರಿ ದೊಡ್ಡ ಮೈದಾನದಲ್ಲಿ ನಿಮ್ಮ ಹೆಸರಿನಲ್ಲಿ ಓಡಿ, ನಿಮ್ಮ ಹೆಸರಿನಲ್ಲಿ ನಿಂತು ಬಹುಮಾನ ತೆಗೆದುಕೊಂಡಿತು. ಬ್ರಿನ್ ಹೆಲಿಗ್ ನಿಮಗೆ ಕೊಡಬೇಕಾದದ್ದನ್ನು ಕೊಟ್ಟಾಯಿತು. ಈಗ ನಾನು ತಲೆಯೆತ್ತಿ ನಡೆಯಬಹುದು.

ನಿನ್ನೆ ಮಿಸ್ ಹೌವೆಲ್ಸ್‌ಳನ್ನು ಕರೆಸಿ ಮನೆಯ ಅಷ್ಟೂ ನಾಯಿಗಳಿಗೆ ಯಂತ್ರ ಹಿಡಿಸಿದೆ, ಹೊಸ ಫೋನ್ ನಂಬರನ್ನೂ ಬರೆಸಿದೆ. ಇಡ್ವಲ್‌ನ ಕೆಂಪು ಡಬ್ಬಿಗೆ ಬೀಗ ಹಾಕಿದ್ದೇನೆ. ಕುರಿಗೆ ಬೇಕಾದಾಗ ಬಂದು ನನ್ನನ್ನು ಕೇಳಬೇಕು.

ಇವತ್ತು ಬೆಳಿಗ್ಗೆ ನೆಲ್‌ಗೆ ಒಪ್ಪಿಗೆ ಹಾಕಿದೆ. ಅವಳ ಮುಂಗಾಲಿನಲ್ಲಿ ಈಗ ನನ್ನ ಹೆಸರಿದೆ. ಟ್ರೋಫಿ ಮತ್ತು ನೀಲಿ ರಿಬ್ಬನ್ನು ಒಡೆಯರಿಗೆ ಸೇರಬೇಕಾದವು. ಆ ದಿನದ ಒಡೆಯರು ನೀವು. ಟ್ರೋಫಿಯ ಮೇಲೆ ನಿಮ್ಮ ಹೆಸರನ್ನೂ ಅದರ ಕೆಳಗೆ ರೋನ್‌ನ ಹೆಸರನ್ನೂ ಕೆತ್ತಿಸಿ, ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿಟ್ಟು, ಅಂಚೆ ಕಚೇರಿಯಲ್ಲಿ ಕೊಟ್ಟು ಬಂದ ಮೇಲೆಯೇ ಈ ಪತ್ರ ಬರೆಯಲು ಕೂತಿದ್ದೇನೆ. ಬೇಡವೆನ್ನಲು ನಿಮಗೆ ಅವಕಾಶವಿಲ್ಲ. ಪೆಟ್ಟಿಗೆ ಆಗಲೇ ದಾರಿ ಹಿಡಿದಿದೆ.

ಎಲುನೆಡ್